ನಳಿಗೆಯ ಆಯ್ಕೆ

ಬಂದೂಕನ್ನು ಕುರಿತು ಬರೆಯುವುದಕ್ಕೆ ಈ ಉಪಾಧ್ಯಾಯನಿಗೆ ಏನು ಅಧಿಕಾರವೆಂದು ವಾಚಕಮಹಾಶಯರು ಕೇಳಬಹುದು. ಕೇಳುವುದು ನ್ಯಾಯವೇ ಸರಿ. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಇದ್ದ ಆಯುಧಗಳೆಂದರೆ ಈಳಿಗೆಮಣೆ, ದರ್ಭೆ ಕೊಯ್ಯುವ ಕುಡುಗೋಲು, ಇವೆರಡೇ. ನಾನು ಕಲಿತದ್ದು ಕಾವ್ಯ ವ್ಯಾಕರಣಗಳನ್ನು. ಕಲಿಸಿದ್ದು ಕನ್ನಡ ಸಂಸ್ಕೃತಗಳನ್ನು. ಆದರೆ ದೈವವು ನನ್ನನ್ನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ದಕ್ಷಿಣ ಕೊಡಗಿನ ಒಂದು ಪ್ರೌಢಶಾಲೆಯಲ್ಲಿ ನಿಲ್ಲಿಸಿತು. ಕೋವಿಯ ಸದ್ದು ಕೇಳದೆ ಅಲ್ಲಿ ಒಂದು ಸಂವತ್ಸರವನ್ನು ಕಳೆಯುವುದು ಯಾರಿಗೂ ಸಾಧ್ಯವಿಲ್ಲ.

ಗದ್ದೆಯ ನಾಟಿ ಮುಗಿದು ಸೆಪ್ಟೆಂಬರ್ ತಿಂಗಳು ಕಾಲಿಟ್ಟಿತೆಂದರೆ ಅಲ್ಲಿ ಕೈಲುಮುಹೂರ್ತದ ಹಬ್ಬ. ಮನೆಮನೆಯ ಕೋವಿಗಳನ್ನೂ ಕತ್ತಿಗಳನ್ನೂ ತೊಳೆದು ಒರಸಿ, ದೇವರ ಮುಂದಿರಿಸಿ, ‘ತೋಕ್ ಪೂ’ ಎಂಬ ಹೂವಿನಿಂದ ಅಲಂಕರಿಸುತ್ತಾರೆ. ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ಸಂಸ್ಕೃತದಲ್ಲಿ ಇದನ್ನೇ ಅಗ್ನಿಶಿಖಾ ಎಂದೂ ಲಾಂಗಲೀ ಎಂದೂ ಕರೆಯುವರು. ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಮನೆಯಲ್ಲಿ ಗಂಡು ಹುಟ್ಟಿದರೂ, ಹಿರಿಯರು ತೀರಿಕೊಂಡರೂ ಊರಿಗೆ ಮೊದಲು ತಿಳಿಯುವುದು ಕೋವಿಯ ಸದ್ದಿನಿಂದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ಹಿಂದಿನಿಂದ ಬಂದ ವಿನಾಯಿತಿಯನ್ನು ಭಾರತ ಸರ್ಕಾರವು ೨೦೧೯ರಲ್ಲಿ ಇನ್ನೂ ಹತ್ತು ವರ್ಷಗಳಿಗೆ, ಎಂದರೆ ೨೦೨೯ರ ಅಕ್ಟೋಬರ್ ಕೊನೆಯವರೆಗೆ, ಮುಂದುವರಿಸಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಈಗಿನ ಮಕ್ಕಳಿಗೆ ಕೋವಿಯೆಂದರೆ ಹಬ್ಬದ ತೆಂಗಿನಕಾಯಿ. ಇಲ್ಲವೆ ಕ್ಲಬ್ಬಿನ ಗುರಿಹಲಗೆಯ ಮೇಲಿನ ಕಪ್ಪು ವೃತ್ತ.

ನಾನು ನಿವೃತ್ತನಾದ ಮರುವರ್ಷ, ಮಾಘಮಾಸದ ಒಂದು ಸಂಜೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮಗಳನ್ನು ಕರೆದುಕೊಂಡು ಮನೆಗೆ ಬಂದನು. ಸಣ್ಣ ಕಾಫಿ ತೋಟದ ಒಡೆಯ. ಒಂಬತ್ತನೆಯ ತರಗತಿಯಲ್ಲಿಯೇ ಶಾಲೆ ಬಿಟ್ಟವನು. ಆತನು ಶಾಲೆ ಬಿಟ್ಟ ಕಾರಣವನ್ನು ಮುಂದೆ ಹೇಳುವೆನು. ಮಗಳಿಗೆ ಹದಿನೇಳು ವರ್ಷ. ಗಿಡ್ಡನೆಯ, ತೆಳ್ಳನೆಯ ಹುಡುಗಿ, ಮಾತು ಕಡಿಮೆ. ಪೇಟೆಯ ರೈಫಲ್ ಕ್ಲಬ್ಬಿನಲ್ಲಿ ಎರಡು ವರ್ಷಗಳಿಂದ ಅಭ್ಯಾಸ ಮಾಡಿ ರಾಜ್ಯಮಟ್ಟದ ಪಂದ್ಯಕ್ಕೆ ಹೋಗಿ ಬಂದಿದ್ದಳು. ಅವಳಿಗೆಂದೇ ಒಂದು ರೈಫಲನ್ನು ತರಿಸುವುದೆಂದು ತಂದೆಯು ಸಂಕಲ್ಪ ಮಾಡಿದ್ದನು. ಅದಕ್ಕೆ ಬೇಕಾದ ಅಪ್ಪಣೆಪತ್ರಗಳ ಕೆಲಸವೆಲ್ಲ ಮುಗಿದಿತ್ತು. ಉಳಿದದ್ದು ಆಯ್ಕೆಯೊಂದೇ.

“ಮೇಷ್ಟ್ರೇ, ಈ ಇಂಗ್ಲಿಷ್ ಪಟ್ಟಿಯನ್ನು ತಾವು ಓದಿ ಹೇಳಬೇಕು. ಒಂದರ ನಳಿಗೆ ಉದ್ದವಾಗಿ ದಪ್ಪವಾಗಿದೆ. ಇನ್ನೊಂದರದು ಮೋಟು. ಈ ವರ್ಷದ ಕರಿಮೆಣಸಿನ ದುಡ್ಡೆಲ್ಲ ಇದಕ್ಕೇ. ಎರಡನೆಯ ಸಲ ಕೊಳ್ಳುವ ಶಕ್ತಿ ನನಗಿಲ್ಲ” ಎಂದು ಆತನು ಕಾಗದವನ್ನು ನನ್ನ ಕೈಯಲ್ಲಿಟ್ಟನು.

ನಾನು ಪಟ್ಟಿಯನ್ನು ಓದಿದೆನು. ಓದಿ ಸುಮ್ಮನಿದ್ದಿದ್ದರೆ ಉಪಾಧ್ಯಾಯನೆನಿಸಿಕೊಳ್ಳುತ್ತಿರಲಿಲ್ಲ. ಶುಕ್ರನೀತಿಯಲ್ಲಿ ‘ನಾಲಿಕ’ವೆಂಬ ಆಯುಧದ ವರ್ಣನೆಯಿದೆ, ಬೃಹತ್ತೆಂದೂ ಕ್ಷುದ್ರವೆಂದೂ ಅದಕ್ಕೆ ಎರಡು ಭೇದ. ನಳಿಗೆಯು ಗಟ್ಟಿಯೂ ದೀರ್ಘವೂ ಆದಷ್ಟು, ಗುಂಡು ದೊಡ್ಡದಾದಷ್ಟು, ದೂರದ ಗುರಿಯನ್ನು ಭೇದಿಸುವುದೆಂಬ ಅರ್ಥದ ಮಾತೂ ಅಲ್ಲಿದೆ. ನಮ್ಮ ನಳಿಗೆಯೂ ಸಂಸ್ಕೃತದ ನಾಲಿಕೆಯೂ ಒಂದೇ ಬಳ್ಳಿಯ ಹೂಗಳೆಂದು ವಿವರಿಸಿ, “ಉದ್ದವಾದದ್ದೇ ಉತ್ತಮ. ಗ್ರಂಥದಲ್ಲಿಯೂ ಹಾಗೆಯೇ ಇದೆ” ಎಂದು ತೀರ್ಪು ಕೊಟ್ಟೆನು. ತಂದೆಯ ಮುಖ ಅರಳಿತು. ಹುಡುಗಿಯು ನೆಲ ನೋಡುತ್ತ, “ಆಗಲಿ ಮೇಷ್ಟ್ರೇ, ಅಪ್ಪನಿಗೂ ಅದೇ ಇಷ್ಟ” ಎಂದಳು.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಶುಕ್ರನೀತಿಯ ಆ ಭಾಗವು ಅಷ್ಟೇನೂ ಪ್ರಾಚೀನವಲ್ಲವೆಂದೂ, ಬಂದೂಕು ಬಳಕೆಗೆ ಬಂದ ಮೇಲೆ ಯಾರೋ ಸೇರಿಸಿದ್ದೆಂದೂ ವಿದ್ವಾಂಸರನೇಕರ ಮತ. ಅದು ನನಗೆ ತಿಳಿದೇ ಇತ್ತು. ತಿಳಿದೂ ಒಂದು ಸಂಸಾರದ ಒಂದು ವರ್ಷದ ಸಂಪಾದನೆಯನ್ನು ಆ ಮಾತಿನ ಮೇಲೆ ತೂಗಿಬಿಟ್ಟಿದ್ದೆನು. ಅದಕ್ಕಿಂತಲೂ ಹೆಚ್ಚಾಗಿ ಹುಡುಗಿಯ ಆ ‘ಆಗಲಿ’ ಎಂಬ ಮಾತು ಕಿವಿಯಲ್ಲಿ ಉಳಿದಿತ್ತು. ಆ ಧ್ವನಿಯನ್ನು ನಾನು ಹಿಂದೆ ಎಲ್ಲಿಯೋ ಕೇಳಿದ್ದೆನು.

ಬೆಳಗಾದೊಡನೆ ತಂದೆಮಗಳಿಬ್ಬರನ್ನೂ ಕರೆದುಕೊಂಡು ಕ್ಲಬ್ಬಿಗೆ ಹೋದೆನು. ಅಲ್ಲಿ ಮಕ್ಕಳಿಗೆ ಕಲಿಸುವವರು ಸೈನ್ಯದಿಂದ ನಿವೃತ್ತರಾದ ಸುಬೇದಾರರೊಬ್ಬರು. ನನ್ನ ಪ್ರಮಾಣವಾಕ್ಯವನ್ನು ತಾಳ್ಮೆಯಿಂದ ಕೇಳಿ, “ಪಂಡಿತರೇ, ತಾವು ಹೇಳಿದ್ದು ಕರಿಮದ್ದಿನ ಕೋವಿಗೆ ಸರಿ. ಈ ಮಗುವಿನ ರೈಫಲ್ಲಿಗೆ ಅಲ್ಲ” ಎಂದರು. ಬಳಿಕ ಅವರು ಕಲಿಸಿದ ಪಾಠವನ್ನು ಈ ಮುಪ್ಪಿನಲ್ಲಿ ನಾನು ವಿದ್ಯಾರ್ಥಿಯಂತೆ ಬರೆದುಕೊಂಡೆನು. ಅದರ ಸಾರವನ್ನು ವಾಚಕರಿಗೂ ಒಪ್ಪಿಸುವೆನು.

ರೈಫಲ್ಲಿನ ನಳಿಗೆಯ ಒಳಮೈಯಲ್ಲಿ ತಿರುಪಿನಂತೆ ಸುತ್ತಿಕೊಂಡು ಹೋಗುವ ಗೀರುಗಳಿವೆ. ಗುಂಡು ಆ ಗೀರುಗಳನ್ನು ಹಿಡಿದು ತಿರುಗುತ್ತ ಹೊರಡುತ್ತದೆ. ತಿರುಗುವ ಬುಗುರಿ ಬೀಳದಿರುವಂತೆ ತಿರುಗುವ ಗುಂಡೂ ಮಗುಚದೆ ಮೂತಿಯನ್ನು ಮುಂದಿಟ್ಟುಕೊಂಡೇ ಸಾಗುತ್ತದೆ. ಹುಡುಗಿ ಹೊಡೆಯುವುದು ‘ಪಾಯಿಂಟ್ ಟೂಟೂ’ ಎಂಬ ಸಣ್ಣ ರೈಫಲ್ಲು. ಅದರ ಗುಂಡಿನ ವ್ಯಾಸ ೫.೬ ಮಿಲಿಮೀಟರ್, ತೂಕ ಸುಮಾರು ೨.೬ ಗ್ರಾಂ. ಇದರ ನಳಿಗೆಯಲ್ಲಿ ಗೀರು ೧೬ ಅಂಗುಲಕ್ಕೆ ಒಂದು ಸುತ್ತು ಸುತ್ತುವುದು ರೂಢಿ. ಸೆಕೆಂಡಿಗೆ ೩೩೦ ಮೀಟರಿನಂತೆ ಹೊರಡುವ ಗುಂಡು ಸೆಕೆಂಡಿಗೆ ೮೦೦ ಸಲಕ್ಕೂ ಹೆಚ್ಚಾಗಿ ತಿರುಗುತ್ತದೆಂದು ನಾನೇ ಭಾಗಿಸಿ ನೋಡಿ ಬೆರಗಾದೆನು.

ಇನ್ನು ಉದ್ದದ ವಿಚಾರ. ಹಿಂದಿನ ಕರಿಮದ್ದು ನಿಧಾನವಾಗಿ ಉರಿಯುತ್ತಿದ್ದುದರಿಂದ ಅದರ ಶಕ್ತಿಯೆಲ್ಲ ಗುಂಡಿಗೆ ಸೇರಬೇಕಾದರೆ ಉದ್ದನೆಯ ನಳಿಗೆ ಬೇಕಾಗಿತ್ತು. ಪಾಯಿಂಟ್ ಟೂಟೂವಿನ ತೋಟಾದಲ್ಲಿರುವ ಮದ್ದಾದರೋ ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು. ಗುಂಡು ನಳಿಗೆಯಲ್ಲಿ ಸುಮಾರು ೧೬ ಅಂಗುಲ ಸಾಗುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಅಲ್ಲಿಂದ ಮುಂದಿನ ನಳಿಗೆಯು ಗುಂಡಿಗೆ ಹೇಳಿಕೊಳ್ಳುವಷ್ಟು ವೇಗವನ್ನೇನೂ ಕೊಡದು.

“ಹಾಗಾದರೆ ಉದ್ದನೆಯದನ್ನು ಏಕೆ ಮಾಡುತ್ತಾರೆ?” ಎಂದು ಕೇಳಿದೆನು. ಸುಬೇದಾರರು ನಕ್ಕರು. ಮುಂದಿನ ಗುರಿಗಣ್ಣು ನಳಿಗೆಯ ತುದಿಯಲ್ಲಿರುತ್ತದೆ. ಹಿಂದಿನದಕ್ಕೂ ಮುಂದಿನದಕ್ಕೂ ನಡುವೆ ದೂರ ಹೆಚ್ಚಿದಷ್ಟೂ ಗುರಿಯ ತಪ್ಪು ಕಣ್ಣಿಗೆ ಚೆನ್ನಾಗಿ ಕಾಣುವುದು. ಇದು ಉದ್ದದ ಗುಣ. ಗುಂಡು ನಳಿಗೆಯೊಳಗೆ ಇನ್ನಷ್ಟು ಹೊತ್ತು ಇರಬೇಕಾಗುವುದು ಅದರ ದೋಷ. ಆ ಹೊತ್ತಾದರೂ ಸೆಕೆಂಡಿನ ಸಾವಿರದ ಎರಡು ಮೂರು ಭಾಗ. ಆದರೆ ನಿಂತು ಹೊಡೆಯುವವರ ಕೈ ಸದಾ ಅಲುಗುತ್ತಿರುವುದರಿಂದ, ಗುಂಡು ಬೇಗ ಹೊರಬಿದ್ದಷ್ಟೂ ಕೈಯ ತಪ್ಪು ಗುಂಡಿಗೆ ಅಂಟುವುದು ಕಡಿಮೆ. ಆದಕಾರಣ ಕೆಲವರು ಮೋಟು ನಳಿಗೆಯನ್ನೇ ಆರಿಸಿ, ಅದರ ತುದಿಗೆ ಹಗುರವಾದ ಒಂದು ಪೊಳ್ಳು ಕೊಳವೆಯನ್ನು ಸೇರಿಸಿ, ಗುರಿಗಣ್ಣನ್ನು ಅದರ ಮೇಲೆ ಕೂರಿಸುತ್ತಾರೆ. ಉದ್ದದ ಗುಣವೂ ಬಂತು, ದೋಷವೂ ತಪ್ಪಿತು.

ದಪ್ಪದ ಲೆಕ್ಕವಂತೂ ನನಗೆ ಬಹಳ ಹಿಡಿಸಿತು. ಹೊಡೆದಾಗ ನಳಿಗೆಯು ತಂತಿಯಂತೆ ಕಂಪಿಸುತ್ತದೆ. ಕಂಪನ ಕಡಿಮೆಯಾಗಬೇಕಾದರೆ ನಳಿಗೆಯು ಬಿಗಿಯಾಗಿರಬೇಕು. ಹೊರವ್ಯಾಸವನ್ನು ಒಂದೂಕಾಲು ಪಟ್ಟು ಮಾಡಿದರೆ ತೂಕವು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚುತ್ತದೆ. ಬಿಗಿಯಾದರೋ ಸುಮಾರು ಎರಡೂವರೆ ಪಟ್ಟಾಗುತ್ತದೆ. ಇದು ದಪ್ಪದ ಹೆಚ್ಚಳ. ಆದರೆ ದಪ್ಪವನ್ನು ಮುಟ್ಟದೆ ಉದ್ದವನ್ನು ಕಾಲುಭಾಗ ತಗ್ಗಿಸಿದರೂ ಬಿಗಿಯು ಎರಡೂಕಾಲು ಪಟ್ಟಿಗೆ ಮೀರುತ್ತದೆ. ತೂಕ ಮಾತ್ರ ಇಳಿಯುತ್ತದೆ! ನಾವು ‘ಮೋಟು’ ಎಂದು ಹೀನಾಯ ಮಾಡಿದ ನಳಿಗೆಯಲ್ಲಿ ಇಂಥ ಗುಣವೊಂದು ಅಡಗಿತ್ತು.

“ಇದೆಲ್ಲ ಕಾಗದದ ಮಾತು. ನಳಿಗೆಯನ್ನು ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆ ನಾಲ್ಕು. ಹೊಡೆಯುವವರು ಯಾರು? ಯಾವ ಭಂಗಿಯಲ್ಲಿ? ಎಷ್ಟು ದೂರಕ್ಕೆ? ಒಂದು ಸಲಕ್ಕೆ ಎಷ್ಟು ಗುಂಡು?” ಎಂದು ಸುಬೇದಾರರು ಬೆರಳು ಮಡಿಸಿದರು. ಬೆಟ್ಟಗುಡ್ಡಗಳಲ್ಲಿ ದಿನವಿಡೀ ನಡೆದು ಒಂದೋ ಎರಡೋ ಗುಂಡು ಹೊಡೆಯುವವನಿಗೆ ಹಗುರವಾದ ನಳಿಗೆಯೇ ಹಿತ. ಕುಮಾವೂನಿನ ನರಭಕ್ಷಕಗಳ ಜಾಡಿನಲ್ಲಿ ನಡೆದ ಜಿಮ್ ಕಾರ್ಬೆಟ್ಟರು ೧೯೦೭ರಲ್ಲಿ ತಮಗೆ ಕೊಡುಗೆಯಾಗಿ ಬಂದ ಹಗುರವಾದ ‘ರಿಗ್ಬಿ’ ರೈಫಲ್ಲನ್ನು ಬಹುಕಾಲ ನೆಚ್ಚಿಕೊಂಡಿದ್ದರು. ಮಲಗಿಕೊಂಡು ದೂರದ ಹಲಗೆಗೆ ಒಂದರ ಮೇಲೊಂದರಂತೆ ದೊಡ್ಡ ತೋಟಾಗಳನ್ನು ಹೊಡೆಯುವವನಿಗೆ ದಪ್ಪ ನಳಿಗೆ ಬೇಕು. ತೆಳುವಾದದ್ದು ಬೇಗ ಕಾದು ಗುರಿ ಸರಿಯುವುದು. ಪಾಯಿಂಟ್ ಟೂಟೂವಿನಲ್ಲಿ ಆ ಬಿಸಿಯ ಬಾಧೆ ಅಲ್ಪ.

ಗೀರಿನ ತಿರುಪೂ ಹೀಗೆಯೇ. ದೊಡ್ಡ ರೈಫಲ್ಲುಗಳಲ್ಲಿ ಗುಂಡು ಉದ್ದವಾದಷ್ಟೂ ತಿರುಪು ಬಿರುಸಾಗಿರಬೇಕು. ಇದಕ್ಕೆ ಇಂಗ್ಲೆಂಡಿನ ಗಣಿತಜ್ಞ ಗ್ರೀನ್‌ಹಿಲ್ ಎಂಬವರು ೧೮೭೯ರಲ್ಲಿಯೇ ಒಂದು ಸೂತ್ರ ಮಾಡಿಟ್ಟರು. ಅಮೆರಿಕದ ಸೈನ್ಯದ ಎಂ-೧೬ ರೈಫಲ್ಲಿನಲ್ಲಿ ಮೊದಲು ೧೨ ಅಂಗುಲಕ್ಕೆ ಒಂದು ಸುತ್ತಿದ್ದ ಗೀರನ್ನು, ೧೯೮೦ರ ದಶಕದಲ್ಲಿ ಹೆಚ್ಚು ಉದ್ದದ ಗುಂಡುಗಳು ಬಂದಾಗ, ೭ ಅಂಗುಲಕ್ಕೆ ಒಂದು ಸುತ್ತಾಗಿ ಬಿಗಿ ಮಾಡಬೇಕಾಯಿತು. ಹಳೆಯ ನಳಿಗೆಯಲ್ಲಿ ದೋಷವೇನೂ ಇರಲಿಲ್ಲ, ಗುಂಡು ಬೇರೆಯಾಯಿತು. ನಮ್ಮ ಶಾಸ್ತ್ರಗಳಲ್ಲಿ ಅಧಿಕಾರಿಭೇದವೆಂಬ ಮಾತಿದೆ: ಉಪದೇಶವು ಕೇಳುವವನ ಯೋಗ್ಯತೆಗೆ ತಕ್ಕಂತೆ ಇರಬೇಕೆಂಬುದು ಅದರ ತಾತ್ಪರ್ಯ. ಸಾವಿರ ಸಲ ನಾನು ಅದನ್ನು ಬಾಯಿಂದ ಹೇಳಿದ್ದೆನು. ಉಕ್ಕಿನ ಕೊಳವೆಯಲ್ಲಿ ಅದನ್ನು ಕಂಡದ್ದು ಅದೇ ಮೊದಲು.

ಸುಬೇದಾರರು ಕ್ಲಬ್ಬಿನಲ್ಲಿದ್ದ ಎರಡು ರೈಫಲ್ಲುಗಳನ್ನು ಕೊಟ್ಟು, “ಒಂದು ತಿಂಗಳು ಎರಡರಲ್ಲಿಯೂ ಹೊಡೆಯಲಿ. ತಾವು ಲೆಕ್ಕ ಬರೆಯಿರಿ” ಎಂದರು. ಒಂದಕ್ಕೆ ಉದ್ದನೆಯ ದಪ್ಪ ನಳಿಗೆ. ಇನ್ನೊಂದಕ್ಕೆ ಮೋಟು ನಳಿಗೆ, ತುದಿಯಲ್ಲಿ ಪೊಳ್ಳು ಕೊಳವೆ. ಹೀಗೆ ಅರುವತ್ತು ದಾಟಿದ ಈ ಸಂಸ್ಕೃತ ಮೇಷ್ಟ್ರು ಕಿವಿಗೆ ಹತ್ತಿಯಿಟ್ಟು, ಅದರ ಮೇಲೆ ಅವರು ಕೊಟ್ಟ ಕಿವಿಮುಚ್ಚಳವನ್ನೂ ಹಾಕಿಕೊಂಡು, ಮಡಿಲಲ್ಲಿ ನೋಟುಪುಸ್ತಕವನ್ನಿರಿಸಿಕೊಂಡು ಕುಳಿತನು.

ಹುಡುಗಿಯ ಪಂದ್ಯವು ಮೂರು ಭಂಗಿಗಳದು: ಮೊಣಕಾಲೂರಿ, ಮಲಗಿ, ನಿಂತು. ಗುರಿಹಲಗೆಯು ಐವತ್ತು ಮೀಟರ್ ದೂರ. ಹತ್ತು ಅಂಕದ ನಡುವೃತ್ತವು ೧೦.೪ ಮಿಲಿಮೀಟರ್ ಅಗಲ, ಒಂದು ಕಡಲೆಯಷ್ಟು! ೨೦೨೪ರ ಆಗಸ್ಟ್ ೧ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು ೪೫೧.೪ ಅಂಕ ಗಳಿಸಿ ಕಂಚಿನ ಪದಕ ಪಡೆದದ್ದು ಈ ಪಂದ್ಯದಲ್ಲಿಯೇ. ನಿಂತು ಹೊಡೆಯುವುದು ಅದರ ಕೊನೆಯ ಘಟ್ಟ. ದಣಿದ ತೋಳು ಆಗ ಸಾಕ್ಷಿ ಹೇಳುತ್ತದೆ.

ಮಲಗಿ ಹೊಡೆಯುವಾಗ ಉದ್ದನೆಯ ನಳಿಗೆಯದೇ ಮೇಲುಗೈಯಾಯಿತು. ಹತ್ತು ಗುಂಡಿನ ತೂತುಗಳೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋದ ದಿನಗಳುಂಟು. ತಂದೆಯು ನನ್ನ ಕಡೆಗೆ ಹೆಮ್ಮೆಯಿಂದ ನೋಡುತ್ತಿದ್ದನು. ನಿಂತಾಗ ಕಥೆ ಬೇರೆಯಾಯಿತು. ಮೊದಲ ಹತ್ತು ಗುಂಡು ಚೆನ್ನಾಗಿಯೇ ಬೀಳುವುವು. ಇಪ್ಪತ್ತು ದಾಟಿತೆಂದರೆ ಮುಂಭಾರದ ನಳಿಗೆಯು ಅವಳ ಎಡಗೈಯನ್ನು ಕೆಳಕ್ಕೆ ಎಳೆಯುವುದು. ಸೊಂಟ ಹಿಂದಕ್ಕೆ ಬಾಗುವುದು. ತೂತುಗಳು ಕಾಫಿತಟ್ಟೆಯಗಲಕ್ಕೆ ಚದರುವುವು. ಮೋಟು ನಳಿಗೆಯಲ್ಲಿ ಅವೇ ತೂತುಗಳು ಕೊನೆಯವರೆಗೂ ಅಂಗೈಯಗಲದೊಳಗೆ ನಿಂತವು. ಭಾರವೇ ಕೆಟ್ಟದ್ದೆಂದು ತಿಳಿಯಬಾರದು. ನಿಂತವರಿಗೆ ಸ್ವಲ್ಪ ಭಾರ ಬೇಕು, ಅದು ಕೈಯ ನಡುಕವನ್ನು ನುಂಗುತ್ತದೆ. ಆ ಭಾರವು ತುದಿಯಲ್ಲಿರಬೇಕೋ ಕೈಯ ಹತ್ತಿರವಿರಬೇಕೋ ಎಂಬುದನ್ನು ಅವರವರ ಮೈಕಟ್ಟು ನಿರ್ಣಯಿಸಬೇಕು.

ಇಪ್ಪತ್ತನೆಯ ದಿನ ನಿಂತು ಹೊಡೆಯುವ ಅಭ್ಯಾಸ ಮುಗಿದ ಮೇಲೆ ಹುಡುಗಿಯು ಎಡಭುಜವನ್ನು ಒತ್ತಿಕೊಳ್ಳುತ್ತ ಗೋಡೆಯ ಮರೆಯಲ್ಲಿ ನಿಂತಿದ್ದಳು. ಕಣ್ಣು ಒದ್ದೆಯಾಗಿದ್ದವು. “ಏಕೆ ಮಗೂ, ಭಾರವೆಂದು ಅಪ್ಪನಿಗೆ ಹೇಳಬಾರದೆ?” ಎಂದೆನು.

“ಹೇಗೆ ಹೇಳಲಿ ಮೇಷ್ಟ್ರೇ? ಮೆಣಸಿನ ದುಡ್ಡೆಲ್ಲ ಹಾಕಿ ಒಳ್ಳೆಯದನ್ನು ತರಿಸುತ್ತೇನೆ ಎನ್ನುತ್ತಾರೆ. ಗ್ರಂಥದಲ್ಲಿಯೂ ಅದೇ ಇದೆಯೆಂದು ತಾವೂ ಹೇಳಿದಿರಿ. ತಪ್ಪು ನನ್ನ ಕೈಯದೇ ಇರಬೇಕು. ಇದು ಹೊಂದದಿದ್ದರೆ ಬಿಟ್ಟುಬಿಡುತ್ತೇನೆ.”

ಆ ಧ್ವನಿಯನ್ನು ಎಲ್ಲಿ ಕೇಳಿದ್ದೆನೆಂಬುದು ಆಗ ನೆನಪಾಯಿತು. ಮೂವತ್ತು ವರ್ಷಗಳ ಹಿಂದೆ ಇವಳ ತಂದೆಯು ನನ್ನ ತರಗತಿಯಲ್ಲಿ ನಿಂತಿದ್ದನು. ಎಲ್ಲ ವಿದ್ಯಾರ್ಥಿಗಳೂ ರಾಮಶಬ್ದದ ಇಪ್ಪತ್ತನಾಲ್ಕು ರೂಪಗಳನ್ನು ತಡೆಯಿಲ್ಲದೆ ಒಪ್ಪಿಸಬೇಕೆಂಬುದು ನನ್ನ ನಿಯಮ. ದ್ವಿವಚನ ಬಂದೊಡನೆ ಆ ಹುಡುಗನ ನಾಲಗೆ ಕಟ್ಟುತ್ತಿತ್ತು. ಕೆಟ್ಟ ಗಡಿಯಾರವನ್ನು ಬಿಚ್ಚಿ ಮತ್ತೆ ನಡೆಯಿಸುವಂಥ ಕೈ ಅವನದು. ಅದನ್ನು ನಾನು ಬಲ್ಲೆನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ತಿಂಗಳು ದಿನವೂ ಬೆಂಚಿನ ಮೇಲೆ ನಿಲ್ಲಿಸಿದೆನು. “ಆಗಲಿ ಸಾರ್, ನಾಳೆ ಕಲಿತು ಬರುತ್ತೇನೆ” ಎನ್ನುತ್ತಿದ್ದನು. ಒಂದು ನಾಳೆ ಅವನು ಬರಲೇ ಇಲ್ಲ. ತೋಟದಲ್ಲಿ ಕೆಲಸವಿದೆಯೆಂದು ಮನೆಯವರು ಹೇಳಿ ಕಳುಹಿಸಿದರು. ನಾನೂ ಅದನ್ನು ನಂಬಿ ಹಾಜರಿಪುಸ್ತಕದಲ್ಲಿ ಹೆಸರು ಹೊಡೆದುಹಾಕಿದೆನು.

ಅಂದು ಸಂಜೆ ಆತನನ್ನು ಕ್ಲಬ್ಬಿನ ಹೊರಗೆ ಕಟ್ಟೆಯ ಮೇಲೆ ಕೂರಿಸಿಕೊಂಡು ನೋಟುಪುಸ್ತಕವನ್ನು ಬಿಚ್ಚಿ ತೋರಿಸಿದೆನು. “ನೋಡಪ್ಪ, ನಾನು ಕೊಟ್ಟ ತೀರ್ಪು ತಪ್ಪು. ಉದ್ದನೆಯದು ಒಳ್ಳೆಯ ನಳಿಗೆಯೇ. ಆದರೆ ಆರು ಅಡಿ ಎತ್ತರದವನಿಗೆ, ಇಲ್ಲವೆ ಮಲಗಿಯೇ ಹೊಡೆಯುವವನಿಗೆ. ಇವಳ ತೋಳಿಗೆ ಒಪ್ಪುವುದು ಇನ್ನೊಂದು. ಬೆಲೆ ಕಡಿಮೆಯೆಂದು ಅದನ್ನು ಕೀಳೆಂದು ಎಣಿಸಬೇಡ” ಎಂದೆನು. ತುಸು ಹೊತ್ತು ಸುಮ್ಮನಿದ್ದು, “ನಿನಗೂ ನಾನು ಒಮ್ಮೆ ಹೀಗೆಯೇ ತಪ್ಪು ಅಳತೆಯದನ್ನು ಹೊರಿಸಿದ್ದೆ” ಎಂದೂ ಸೇರಿಸಿದೆನು. ಈ ಮಾತನ್ನು ಆಡುವುದಕ್ಕೆ ನನಗೆ ಮೂವತ್ತು ವರ್ಷ ಹಿಡಿದವು.

ಆತನು ಪುಸ್ತಕದ ಹಾಳೆಗಳನ್ನು ನಿಧಾನವಾಗಿ ತಿರುವಿ, ಕಾಫಿತಟ್ಟೆಯ ದಿನಗಳನ್ನೂ ಅಂಗೈಯ ದಿನಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದನು. “ತಾವು ಬಯ್ದದ್ದು ನನಗೆ ನೆನಪಿಲ್ಲ ಮೇಷ್ಟ್ರೇ. ಬೆಂಚು ಎತ್ತರವಾಗಿತ್ತು, ಅದು ಮಾತ್ರ ನೆನಪಿದೆ” ಎಂದನು. ಆಮೇಲೆ ಮಗಳನ್ನು ಕೂಗಿ, “ಸಣ್ಣದನ್ನೇ ತರಿಸೋಣ. ಉಳಿದ ದುಡ್ಡಿಗೆ ತೋಟಾ ಬರುತ್ತದೆ” ಎಂದನು. ಹುಡುಗಿ ನಕ್ಕಿದ್ದನ್ನು ನಾನು ಆ ತಿಂಗಳಲ್ಲಿ ಮೊದಲ ಸಲ ಕಂಡೆನು.

ತೋಟಾದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿ ಮುಗಿಸುವೆನು. ಹೊಸ ರೈಫಲ್ಲು ಬಂದ ಮೇಲೆ ಸುಬೇದಾರರು ನಾಲ್ಕೈದು ಬಗೆಯ ತೋಟಾಗಳನ್ನು ತಂದು ಒಂದೊಂದನ್ನೂ ಹೊಡೆಸಿ ನೋಡಿದರು. ಒಂದೇ ಕಾರ್ಖಾನೆಯಲ್ಲಿ ಒಂದೇ ಅಳತೆಗೆ ಮಾಡಿದ ಎರಡು ನಳಿಗೆಗಳು ಕೂಡ ಒಂದೇ ತೋಟಾವನ್ನು ಮೆಚ್ಚುವುದಿಲ್ಲವಂತೆ. ಯಾವುದಕ್ಕೆ ಯಾವುದು ಒಗ್ಗುವುದೆಂಬುದನ್ನು ಹೊಡೆದೇ ತಿಳಿಯಬೇಕು. ಅವಳ ನಳಿಗೆಯು ಮೆಚ್ಚಿದ್ದು ಎಲ್ಲಕ್ಕಿಂತ ಹೆಚ್ಚಿನ ಬೆಲೆಯದನ್ನಲ್ಲ, ನಡುವಣ ಬೆಲೆಯದನ್ನು.

ಮೊನ್ನೆಯ ಕೈಲುಮುಹೂರ್ತಕ್ಕೆ ಅವರ ಮನೆಯಿಂದ ಕರೆ ಬಂದಿತ್ತು. ದೇವರ ಮುಂದೆ ಅಜ್ಜನ ಕಾಲದ ಜೋಡಿನಳಿಗೆ ಕೋವಿಯ ಪಕ್ಕದಲ್ಲಿ ಆ ಮೋಟು ನಳಿಗೆಯ ರೈಫಲ್ಲು ಮಲಗಿತ್ತು. ಎರಡಕ್ಕೂ ತೋಕ್ ಪೂವನ್ನು ಸಮನಾಗಿ ಮುಡಿಸಿದ್ದರು. ನಾನು ನಮಸ್ಕಾರ ಮಾಡಿ ಹೊರಗೆ ಬಂದಾಗ ಆತನು ಅಂಗಳದಲ್ಲಿ ಕುಳಿತು, ನಿಂತುಹೋಗಿದ್ದ ನನ್ನ ಕೈಗಡಿಯಾರವನ್ನು ಬಿಚ್ಚಿ ಸರಿಮಾಡುತ್ತಿದ್ದನು.